ಕೊಪ್ಪಳದಲ್ಲಿ ಸಿಗದ ಪುಸ್ತಕ, ಶಿಕಾಗೋದ ಕಪಾಟಿನಲ್ಲಿ

ಕಳೆದ ತಿಂಗಳು ಶಿಕಾಗೋ ವಿಶ್ವವಿದ್ಯಾಲಯದ ರೆಗೆನ್‌ಸ್ಟೀನ್ ಗ್ರಂಥಾಲಯದಲ್ಲಿ ನಮ್ಮ ಕುಷ್ಟಗಿ ಸೀಮೆಯ ತತ್ವಪದಗಳ ಸಣ್ಣ ಸಂಕಲನವೊಂದು ಕೈಗೆ ಬಂದಾಗ, ಸಂತೋಷಕ್ಕಿಂತ ಮೊದಲು ಕರುಳು ಚುರುಕ್ಕೆಂದಿತು. ಗದಗಿನಲ್ಲಿ ಅಚ್ಚಾದ ಪುಸ್ತಕ, ಬೆಲೆ ರೂ. 3.50. ಇದೇ ಪುಸ್ತಕಕ್ಕಾಗಿ ಎರಡು ವರ್ಷಗಳ ಹಿಂದೆ ಊರಿಗೆ ಹೋದಾಗ ಕೊಪ್ಪಳ ಜಿಲ್ಲೆಯ ಒಂದು ಗ್ರಂಥಾಲಯಕ್ಕೆ ಮೂರು ದಿನ ಅಲೆದಿದ್ದೆ. "ಐತ್ರೀ ಸರ, ನಾನ ಕಣ್ಣಾರೆ ನೋಡೀನಿ. ಈಗ ಎಲ್ಲಿ ಸೇರಿಕೊಂಡೈತೋ ಹೇಳಾಕ ಬರಂಗಿಲ್ಲ" ಎಂದು ಅಲ್ಲಿನ ಹಿರಿಯ ಸಿಬ್ಬಂದಿಯೊಬ್ಬರು ಅಲಮಾರಿಯ ಕೀಲಿಕೈ ಹುಡುಕುತ್ತಲೇ ಇದ್ದರು.

ಅಮೆರಿಕ 1954ರ ಪಿ.ಎಲ್. 480 ಕಾನೂನಿನಡಿ ಭಾರತಕ್ಕೆ ಗೋಧಿಯನ್ನು ಡಾಲರಿನ ಬದಲು ರೂಪಾಯಿಗೇ ಮಾರಿತು. ಆ ರೂಪಾಯಿಯ ಒಂದು ಪಾಲಿನಿಂದ ಅಮೆರಿಕ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ 1960ರ ದಶಕದಲ್ಲಿ ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹಂಚಿತು. ಈ ಪ್ರತಿಯೂ ಅದೇ ದಾರಿಯಲ್ಲಿ ಬಂದಿರಬೇಕು. ರೊಟ್ಟಿ ತಿಂದು ಬೆಳೆದ ನಮ್ಮ ಅವ್ವ ಒಲ್ಲದ ಮನಸ್ಸಿನಿಂದ ಬೀಸುತ್ತಿದ್ದ ಆ ಗೋಧಿ ನಮ್ಮ ಪದಗಳನ್ನು ಕಡಲು ದಾಟಿಸಿತೆಂದರೆ ನನಗೆ ಇಂದಿಗೂ ನಂಬುವುದು ಕಷ್ಟ.

ಪುಸ್ತಕ ಇರುವುದು ಬೇರೆ, ಸಿಗುವುದು ಬೇರೆ. ಶಿಕಾಗೋದಲ್ಲಿ ಆ ತೆಳು ಪುಸ್ತಕಕ್ಕೂ ಗ್ರಂಥಾಲಯದ ಸೂಚಿಯಲ್ಲಿ ಒಂದು ನಮೂದು ಇದೆ: ಸಂಪಾದಕರ ಹೆಸರು, ಅಚ್ಚಾದ ಊರು, ಪುಟಗಳು, ಕೊನೆಗೆ ಎಷ್ಟು ಸೆಂಟಿಮೀಟರ್ ಎತ್ತರವೆಂಬುದೂ. ಊರಿನ ಗ್ರಂಥಾಲಯದಿಂದ ನಾನು ಕೇಳಿ ತರಿಸಿಕೊಂಡ ಪುಸ್ತಕಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಒಂದು ಅಕ್ಷರವೂ ಕಾಣಲಿಲ್ಲ. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಆವರಣ, ಚುಕ್ಕಿಗಳು. ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಟ್ಟಿ ಅದು. ಇಂಗ್ಲಿಷ್ ಸಂಕೇತದ ಮೇಲೆ ಕನ್ನಡದ ಆಕಾರ ಹೊದಿಸಿದ್ದನ್ನು ಯಂತ್ರ ಕನ್ನಡವೆಂದು ಗುರುತಿಸುವುದಿಲ್ಲ, ಹುಡುಕಿದರೆ ತೋರಿಸುವುದೂ ಇಲ್ಲ. ಲೋಕದ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಇಷ್ಟು ವರ್ಷಗಳ ನಂತರವೂ ನಮ್ಮ ಪಟ್ಟಿಗಳು ಹೀಗಿರುವುದಕ್ಕೆ ಬಡತನವನ್ನು ನೆಪ ಮಾಡಲಾಗದು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಅಪ್ಪ ಇಂದಿಗೂ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ತಪ್ಪದೆ ಕಟ್ಟುತ್ತಾರೆ. ಆ ದುಡ್ಡಿನಲ್ಲಿ ಹೊಸ ಕುರ್ಚಿ ಬರುವ ಮೊದಲು ಇರುವ ಪುಸ್ತಕಗಳ ಹೆಸರು ಸರಿಯಾಗಿ ದಾಖಲಾಗಲಿ ಎಂಬುದು ನನ್ನ ಬೇಡಿಕೆ.

ಆದರೂ ಒಂದನ್ನು ಹೇಳದೆ ಇರಲಾರೆ. ಶಿಕಾಗೋದ ಸೂಚಿಯಲ್ಲಿ ನಾನು ಕನ್ನಡ ಲಿಪಿಯಲ್ಲಿ ಹುಡುಕಿದಾಗ ಏನೂ ಸಿಗಲಿಲ್ಲ. ಆ ಹಳೆಯ ನಮೂದು ರೋಮನ್ ಲಿಪಿಯಲ್ಲಷ್ಟೇ ಇತ್ತು. 'ತತ್ತ್ವ'ದ ಕಾಗುಣಿತವನ್ನು ಮೂರು ರೀತಿ ಬದಲಿಸಿದ ಮೇಲೆ ಅದು ಕಣ್ಣಿಗೆ ಬಿತ್ತು. ಊರಿನ ಆ ಹಿರಿಯರಿಗೆ ನಾನು ಪುಸ್ತಕದ ಹೆಸರನ್ನೂ ಪೂರ್ತಿ ಹೇಳಿರಲಿಲ್ಲ. ಒಂದು ತತ್ವಪದದ ಮೊದಲ ಸಾಲು ಹೇಳಿದ್ದೇ ತಡ, ಕೀಲಿಕೈ ಹುಡುಕುತ್ತಲೇ ಉಳಿದ ನುಡಿಗಳನ್ನೆಲ್ಲ ಹಾಡಿ ಮುಗಿಸಿದ್ದರು. ಶಿಕಾಗೋದ ಕಪಾಟಿನ ಬಳಿ ನಿಂತು ಆ ಪದವಿರುವ ಪುಟವನ್ನು ಎರಡು ಸಲ ಓದಿದೆ. ಅವರು ಹಾಡಿದ ಕೊನೆಯ ನುಡಿ ಅದರಲ್ಲಿಲ್ಲ.