ಪೇರೋಲ್ ಕೆಲಸಕ್ಕೆ ಲೈಸೆನ್ಸ್ ಬೇಕಿಲ್ಲ

ಪೇರೋಲ್ ಅಂದರೆ ನೌಕರರ ಸಂಬಳದ ಲೆಕ್ಕ ಹಾಕುವ ಕೆಲಸ. ‘ಪೇರೋಲ್ ಕೆಲಸಕ್ಕೆ ಸರ್ಕಾರಿ ಲೈಸೆನ್ಸ್ ಕಡ್ಡಾಯ. ನಮ್ಮ ಕೋರ್ಸ್ ಮಾಡಿದವರಿಗೆ ಮಾತ್ರ ಸಿಗುತ್ತದೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಭಾರತದಲ್ಲಿ ಈ ಕೆಲಸಕ್ಕೆ ಅಂಥ ಲೈಸೆನ್ಸೇ ಇಲ್ಲ. ಸಾಲ ಮಾಡಿ ಫೀಸು ಕಟ್ಟಬೇಡಿ.

ಬಿ.ಕಾಂ. ಆಗಿದ್ದರೆ ಅನುಕೂಲ, ನಿಜ. ಆದರೆ ಎಕ್ಸೆಲ್ ಚೆನ್ನಾಗಿ ಬರಬೇಕು, ಸಂಬಳದ ಚೀಟಿಯ ಒಂದೊಂದು ಸಾಲೂ ಯಾಕೆ ಇದೆ ಅಂತ ಗೊತ್ತಿರಬೇಕು. ನಾನು ಶುರು ಮಾಡಿದ್ದು ಹಾಜರಿ ಪುಸ್ತಕ ನೋಡಿ ರಜೆ ಲೆಕ್ಕ ಹಾಕುವುದರಿಂದ.

ಒಂದು ಉದಾಹರಣೆ ನೋಡಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 14,000 ರೂಪಾಯಿ ಇದ್ದರೆ ಶೇ 12ರಂತೆ 1,680 ಪಿಎಫ್‌ಗೆ (ಭವಿಷ್ಯ ನಿಧಿಗೆ) ಹೋಗುತ್ತದೆ. ಮಾಲೀಕರೂ ಅಷ್ಟೇ ಹಾಕಬೇಕು. ಅವರ ಪಾಲಿನಲ್ಲಿ ಶೇ 8.33 ಪಿಂಚಣಿಗೆ ಹೋಗುತ್ತದೆ. ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ತಡವಾದರೆ ಬಡ್ಡಿ, ದಂಡ.

ಇನ್ನು ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಜಾಸ್ತಿ ಸಂಬಳ ಇದ್ದವರಿಗೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಜಾರಿಯಾದ ಬದಲಾವಣೆಯಂತೆ ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ ಒಟ್ಟು 2,500. ಹಳೇ ಶೀಟನ್ನೇ ಸುಮ್ನೆ ಕಾಪಿ ಮಾಡಿದರೆ ಆ 100 ರೂಪಾಯಿ ತಪ್ಪಿಹೋಗುತ್ತದೆ. ಸಂದರ್ಶನದಲ್ಲಿ ಇದನ್ನು ಬಿಡಿಸಿ ಹೇಳುವ ಹುಡುಗಿಯನ್ನು ನಾನಂತೂ ಸರ್ಟಿಫಿಕೇಟ್ ಕೇಳದೆ ತಗೊಳ್ಳುತ್ತೇನೆ.

ಕಲಿಯಲು ಹತ್ತಿರದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಸಹಾಯಕರಾಗಿ ಸೇರಬಹುದು. ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಪೇರೋಲ್ ಭಾಗವೂ ಇದೆ. ಕೋರ್ಸ್ ಮಾಡಲೇಬಾರದು ಅಂತಲ್ಲ, ಇಷ್ಟವಿದ್ದರೆ ಮಾಡಿ. ಕಡ್ಡಾಯ ಅಂತ ಹೆದರಿಸಿದವರಿಗೆ ಮಾತ್ರ ದುಡ್ಡು ಕೊಡಬೇಡಿ.