ಇಳಿದ 11 ಕೆ.ಜಿ.ಯಲ್ಲಿ ಕರಗಿದ್ದೇನು?

ಹೋದ ವರ್ಷ ನಾಲ್ಕೇ ತಿಂಗಳಲ್ಲಿ ನಾನು 11 ಕೆ.ಜಿ. ಇಳಿದೆ. ತೂಕ ಇಳಿಸುವ ಕೇಂದ್ರವೊಂದು ಬರೆದುಕೊಟ್ಟ ಪಟ್ಟಿಯಂತೆ ಬೆಳಿಗ್ಗೆ ಹಣ್ಣು, ಮಧ್ಯಾಹ್ನ ಒಂದು ಚಪಾತಿ ಮತ್ತು ಪಲ್ಯ, ರಾತ್ರಿ ತರಕಾರಿ ಸೂಪು, ಜೊತೆಗೆ ದಿನಕ್ಕೆ ಒಂದೂವರೆ ಗಂಟೆ ನಡಿಗೆ. ಎದುರು ಸಿಕ್ಕವರೆಲ್ಲ ‘ಚೆನ್ನಾಗಿ ಇಳಿದಿದ್ದೀರಿ’ ಎನ್ನುತ್ತಿದ್ದರು. ಆದರೆ ಒಂದು ಬೆಳಿಗ್ಗೆ, 20 ಲೀಟರಿನ ನೀರಿನ ಕ್ಯಾನನ್ನು ಎಂದಿನಂತೆ ಎದೆಗೊತ್ತಿಕೊಂಡು ಸ್ಟ್ಯಾಂಡಿನ ಮೇಲೆ ಬೋರಲು ಹಾಕಲು ಹೋದಾಗ ತೋಳು ನಡುಗಿ, ಕ್ಯಾನು ಜಾರಿ, ಅರ್ಧ ನೀರು ಅಡುಗೆಮನೆಯ ನೆಲದ ಪಾಲಾಯಿತು. 82 ಕೆ.ಜಿ. ಇದ್ದಾಗ ಸಲೀಸಾಗಿ ಎತ್ತುತ್ತಿದ್ದ ಭಾರ 71ಕ್ಕೆ ಇಳಿದ ಮೇಲೆ ಏಳಲಿಲ್ಲ. ಹೋದದ್ದು ಬರೀ ಕೊಬ್ಬಾಗಿದ್ದರೆ ಹೀಗಾಗುತ್ತಿರಲಿಲ್ಲ.

ಊಟ ತೀರಾ ಕಡಿಮೆಯಾದಾಗ ದೇಹವು ಕೊಬ್ಬಿನ ಜೊತೆಗೆ ಸ್ನಾಯುವಿನ ಪ್ರೋಟೀನನ್ನೂ ಒಡೆದು ಬಳಸಿಕೊಳ್ಳುತ್ತದೆ, ಭಾರದ ಕೆಲಸವೇ ಬೀಳದ ಸ್ನಾಯು ಬೇಗ ಕರಗುತ್ತದೆ. ತಕ್ಕಡಿಗೆ ಈ ವ್ಯತ್ಯಾಸ ತಿಳಿಯದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ದೇಹವನ್ನೇ ಹೋಲಿಸಿ ತೋರಿಸಿದ್ದರು: ಇಬ್ಬರ ಬಿಎಂಐ (ಎತ್ತರಕ್ಕೆ ತೂಕ ಎಷ್ಟೆಂದು ಹೇಳುವ ಅಳತೆ) ಕೂಡ 22.3, ಆದರೆ ಯುಡ್ಕಿನ್ ಅವರಲ್ಲಿ ಕೊಬ್ಬು ಶೇ 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇ 21.2. ತೆಳ್ಳಗೆ ಕಂಡರೂ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ಅಂಥ ನಾವು ಇರುವಷ್ಟು ಸ್ನಾಯುವನ್ನೂ ಉಪವಾಸದಿಂದ ಕಳೆದುಕೊಳ್ಳುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಹಾಗಾದರೆ ನಡಿಗೆ ಸಾಲದೇ ಎಂದು ಹಲವರು ಕೇಳುತ್ತಾರೆ. 65 ವರ್ಷ ದಾಟಿದ 160 ಸ್ಥೂಲಕಾಯದವರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಥ್ಯದ ಜೊತೆ ವ್ಯಾಯಾಮ ಮಾಡಿದ ಮೂರೂ ಗುಂಪುಗಳು ಆರು ತಿಂಗಳಲ್ಲಿ ಶೇ 9ರಷ್ಟು ತೂಕ ಇಳಿಸಿದವು. ಆದರೆ ಕೊಬ್ಬು ಬಿಟ್ಟು ಉಳಿದ ದೇಹದ ತೂಕ, ನಡಿಗೆಯಂಥ ವ್ಯಾಯಾಮ ಮಾತ್ರ ಮಾಡಿದವರಲ್ಲಿ ಶೇ 5, ಭಾರ ಎತ್ತಿದವರಲ್ಲಿ ಶೇ 2, ಎರಡನ್ನೂ ಮಾಡಿದವರಲ್ಲಿ ಶೇ 3 ಕುಗ್ಗಿತು. ದೈಹಿಕ ಸಾಮರ್ಥ್ಯ ಎಲ್ಲರಿಗಿಂತ ಹೆಚ್ಚಿದ್ದು ಎರಡನ್ನೂ ಮಾಡಿದವರಲ್ಲಿ. ಆದ್ದರಿಂದ ನಾನು ನಡಿಗೆ ಬಿಟ್ಟಿಲ್ಲ, ಅರ್ಧ ಗಂಟೆಗೆ ಇಳಿಸಿದ್ದೇನೆ.

ಉಳಿದ ಸಮಯ ಬಸ್ಕಿಗೆ ಮತ್ತು ದಂಡಕ್ಕೆ. ಗರಡಿಮನೆಗಳಿದ್ದ, ಸಂಗ್ರಾಣಿ ಕಲ್ಲು ಎತ್ತಿದವರನ್ನು ಊರೇ ಮೆರೆಸುತ್ತಿದ್ದ ನಾಡಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಮಗನ ಹಳೆಯ ಶಾಲಾ ಬ್ಯಾಗಿಗೆ 5 ಕೆ.ಜಿ. ಅಕ್ಕಿ ತುಂಬಿ, ಬೆನ್ನಿಗೇರಿಸಿಕೊಂಡು, ಕುರ್ಚಿಯ ಅಂಚು ತಾಗುವಷ್ಟು ಕುಳಿತು ಏಳುತ್ತೇನೆ. ಹತ್ತು ಬಸ್ಕಿಯಲ್ಲಿ ಕೊನೆಯ ಎರಡು ನಿಜವಾಗಿ ಕಷ್ಟವಾಗಬೇಕು. ಸುಲಭವೆನಿಸಿದ ವಾರ ಇನ್ನೊಂದು ಕೆ.ಜಿ. ಸೇರಿಸುತ್ತೇನೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು.

ಊಟದ ಲೆಕ್ಕ ಹಾಕಿದಾಗಲೇ ನನಗೆ ಗಾಬರಿಯಾದದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ಹೇಳುವುದು ದೇಹತೂಕದ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್, ಅಂದರೆ ನನಗೆ ಸುಮಾರು 59 ಗ್ರಾಂ. ತೂಕ ಇಳಿಸುವಾಗ ಅದಕ್ಕಿಂತ ಹೆಚ್ಚೇ ಬೇಕು. ಆ ಪಟ್ಟಿಯ ಊಟದಲ್ಲಿ ಅದರ ಅರ್ಧವೂ ಇರಲಿಲ್ಲ. 30 ಗ್ರಾಂ ತೊಗರಿಬೇಳೆಯಲ್ಲಿ ಸಿಗುವುದು ಆರೇಳು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು. ಈಗ ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಗಟ್ಟಿ ಬೇಳೆಯ ಹುಳಿ ಮತ್ತು ಮೊಸರು, ಸಂಜೆ ಹೆಸರುಕಾಳಿನ ಉಸಲಿ, ರಾತ್ರಿ ಸೋಯಾ ಅಥವಾ ಹುರಳಿಕಾಳು ತಿನ್ನುತ್ತೇನೆ, ಅನ್ನವನ್ನು ಒಂದು ಸೌಟು ಕಡಿಮೆ ಮಾಡಿದ್ದೇನೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು.

ಈ ಎಂಟು ತಿಂಗಳಲ್ಲಿ ತಕ್ಕಡಿ ಬರೀ 2 ಕೆ.ಜಿ. ಕಡಿಮೆ ತೋರಿಸಿದೆ. ಬೆಲ್ಟು ಮಾತ್ರ ಎರಡು ತೂತು ಒಳಗೆ ಬಂದಿದೆ. ಭಾರ ಎತ್ತಿದರೆ ಮೈ ಗಂಡಸರ ಹಾಗೆ ಉಬ್ಬೀತೆಂದು ಹಿಂಜರಿಯುತ್ತಿದ್ದ ನನ್ನ ಹೆಂಡತಿ, ಮುಟ್ಟು ನಿಂತ ಮೇಲೆ ಸವೆಯುವ ಮೂಳೆಗೂ ಇದೇ ವ್ಯಾಯಾಮ ಒಳ್ಳೆಯದೆಂದು ಅವಳ ವೈದ್ಯೆ ಹೇಳಿದಂದಿನಿಂದ, 3 ಕೆ.ಜಿ. ಅಕ್ಕಿಯ ತನ್ನದೇ ಬ್ಯಾಗೊಂದನ್ನು ಬಾಗಿಲ ಹಿಂದೆ ನೇತುಹಾಕಿದ್ದಾಳೆ.