ಮುಕ್ಕಾದ ಮೂರ್ತಿಗೂ ಊದುಬತ್ತಿ

ಕಾಂಬೋಡಿಯಾದ ಅಂಕೋರ್ ವಾಟ್‌ನ ಪಡುವಣ ಹೆಬ್ಬಾಗಿಲಲ್ಲಿ ಎಂಟು ತೋಳಿನ ವಿಷ್ಣು ನಿಂತಿದ್ದಾನೆ. ಮೈಮೇಲೆ ಹಳದಿ ರೇಷ್ಮೆ, ಮುಂದೆ ಹಣ್ಣು, ಊದುಬತ್ತಿಯ ಹೊಗೆ. ಗುಡಿ ಬೌದ್ಧರದಾಗಿ ಶತಮಾನಗಳೇ ಕಳೆದರೂ ಊರವರು ಅವನನ್ನು ಕೈಬಿಟ್ಟಿಲ್ಲ. ಅವರ ಬಾಯಲ್ಲಿ ಅವನು ‘ತಾ ರೀಚ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ರಾಜಜ್ಜ.

ಹೊಸಪೇಟೆಯಲ್ಲಿ ಬೆಳೆದು ಈಗ ಸಿಂಗಪುರದಲ್ಲಿ ನೆಲೆಸಿರುವ ನನಗೆ ಹಾಳುಗುಡಿಗಳು ಹೊಸತಲ್ಲ. ಇದನ್ನು ಕಟ್ಟಿಸಿದ ಎರಡನೆಯ ಸೂರ್ಯವರ್ಮ ನಮ್ಮ ಹೊಯ್ಸಳ ವಿಷ್ಣುವರ್ಧನನ ಸಮಕಾಲೀನ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದಾಗ ಇವನು ಪಟ್ಟಕ್ಕೆ ಬಂದು ನಾಲ್ಕು ವರ್ಷವಾಗಿತ್ತಷ್ಟೇ. ಸುಮಾರು 49 ಮೀಟರ್ ಉದ್ದದ ಸಮುದ್ರಮಥನದ ಗೋಡೆಯ ಮುಂದೆ ಒಂದು ಗಂಟೆ ಕಳೆದೆ. ಆದರೂ ಕಾಲು ಕಟ್ಟಿದಂತಾದದ್ದು ಒಳಗೆ, ತಲೆಯಿಲ್ಲದ ಒಂದು ಬುದ್ಧಮೂರ್ತಿಯ ಎದುರು. ಬಿಳಿ ಉಟ್ಟು ತಲೆ ಬೋಳಿಸಿಕೊಂಡ ಅಜ್ಜಿಯೊಬ್ಬರು ಅದರ ಹೆಗಲಿನ ಕಾವಿಬಟ್ಟೆಯನ್ನು ಸರಿಪಡಿಸುತ್ತಿದ್ದರು, ಶಾಲೆಗೆ ಹೊರಟ ಮಗುವಿನ ಅಂಗಿ ತಿದ್ದುವ ಹಾಗೆ. ಆಮೇಲೆ ನನ್ನ ಮಣಿಕಟ್ಟಿಗೂ ಕೆಂಪು ದಾರ ಕಟ್ಟಿದರು.

ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು ಎಂದು ಕೇಳಿಕೊಂಡೇ ಬೆಳೆದವನು ನಾನು. ಹಂಪಿಯ ಉಗ್ರನರಸಿಂಹನನ್ನೇ ನೋಡಿ. ಕೃಷ್ಣದೇವರಾಯ 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆಸಿದ ಮೂರ್ತಿ. ತೋಳುಗಳು ಮುರಿದಿವೆ, ತೊಡೆಯ ಮೇಲಿದ್ದ ಲಕ್ಷ್ಮಿ ಇಲ್ಲ, ಅವನ ಬೆನ್ನನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ. ನಾವು ಫೋಟೊ ತೆಗೆದು, ಪಕ್ಕದ ಬಡವಿಲಿಂಗಕ್ಕೆ ಕೈಮುಗಿದು ಮುಂದೆ ನಡೆಯುತ್ತೇವೆ. ಶಾಸ್ತ್ರಕ್ಕೆ ಅದರದೇ ಕಾರಣಗಳಿವೆ, ಅಲ್ಲಗಳೆಯುವುದಿಲ್ಲ. ಆದರೆ ಪೆಟ್ಟು ತಿಂದ ದೇವರಿಗೆ ಒಂದು ಹೂವನ್ನೂ ಏರಿಸದಷ್ಟು ದೂರ ನಾವು ಸರಿಯಬಾರದಿತ್ತು. ಶಿಲ್ಪಗಳ ರಕ್ಷಣೆಗೆ ಮಾತ್ರ ನರಸಿಂಹನ ಸುತ್ತಲಿನಂಥ ನಮ್ಮ ಬೇಲಿಯೇ ಮೇಲು. ಅಂಕೋರ್‌ನ ಉಬ್ಬುಶಿಲ್ಪಗಳು ಜನ ಕೈಯಾಡಿಸಿ ಆಡಿಸಿ ಕೆಲವೆಡೆ ಎಣ್ಣೆ ಸವರಿದಂತೆ ಮಿರುಗುತ್ತಿವೆ.

ಮಧ್ಯಾಹ್ನ ಬಂತೇಯ್ ಸ್ರೇಯ್ ಗುಡಿಗೆ ಹೋಗುವ ದಾರಿಯ ಪ್ರೆಯಾ ದಾಕ್ ಹಳ್ಳಿಯಲ್ಲಿ ಊಟ. ಹೆಂಗಸೊಬ್ಬರು ಹುಳಿ ಬಂದ ಅಕ್ಕಿಹಿಟ್ಟನ್ನು ಒತ್ತಿ, ಎಳೆಗಳನ್ನು ಕುದಿಯುವ ನೀರಿಗೆ ಬಿಡುತ್ತಿದ್ದರು. ಹೆಸರು ‘ನುಮ್ ಬಾನ್‌ಚೊಕ್’. ತೀರ್ಥಹಳ್ಳಿಯ ನನ್ನ ಅಜ್ಜಿ ಕಂಡಿದ್ದರೆ ಒತ್ತುಶಾವಿಗೆ ಎಂದೇ ಕರೆಯುತ್ತಿದ್ದರು. ಅಜ್ಜಿ ಕಾಯಿಹಾಲು ಸುರಿಯುತ್ತಿದ್ದ ಕಡೆ ಇವರು ಮಜ್ಜಿಗೆಹುಲ್ಲು ಅರೆದು ಹಾಕಿದ ಮೀನಿನ ಸಾರು ಸುರಿಯುತ್ತಾರೆ.

ಬಟ್ಟಲು ಹಿಡಿದ ಕೈಯಲ್ಲಿ ಆ ಕೆಂಪು ದಾರವಿತ್ತು. ಮುಂದಿನ ತಿಂಗಳು ಹೊಸಪೇಟೆಗೆ ಹೋಗುತ್ತಿದ್ದೇನೆ. ನರಸಿಂಹನ ಬೇಲಿಯ ಹೊರಗೆ, ಲಕ್ಷ್ಮಿಯ ಆ ಒಂದು ಕೈಯ ಹೆಸರಿನಲ್ಲಿ ಒಂದು ಮೊಳ ಮಲ್ಲಿಗೆ ಇಟ್ಟು ಬರುತ್ತೇನೆ.